ಅಮೆರಿಕನ್ ಸ್ಕೂಲ್‌ಗೆ ಸೇರಿಸುವ ಮುಂಚೆ: ತುಮಕೂರಿನಿಂದ ಹೊರಟ ಅಪ್ಪ ಅಮ್ಮಂದಿರಿಗೆ

ಹೋದ ತಿಂಗಳು ನನ್ನ ತಂಗಿ ಫೋನ್ ಮಾಡಿದ್ದಳು. ಅವಳ ಗಂಡನಿಗೆ ದುಬೈನಲ್ಲಿ ಕೆಲಸ ಸಿಕ್ಕಿದೆ. ಇಬ್ಬರು ಮಕ್ಕಳು. ಚಿಕ್ಕವಳು ಮೂರನೇ ಕ್ಲಾಸು, ದೊಡ್ಡವನು ಏಳು. "ಅಕ್ಕ, ಅಲ್ಲಿ ಅಮೆರಿಕನ್ ಸ್ಕೂಲ್ ಇವೆಯಂತೆ. ಹೋಮ್‌ವರ್ಕ್ ಕಡಿಮೆ, ಸ್ವಿಮ್ಮಿಂಗ್ ಪೂಲ್ ಇದೆ, ಟೀಚರ್‌ಗಳು ಬಯ್ಯಲ್ಲ. ಸೇರಿಸಿಬಿಡ್ಲಾ?" ಅಂದಳು. "ದೊಡ್ಡವನು ಪಿಯುಸಿ ಎಲ್ಲಿ ಓದ್ತಾನೆ?" ಅಂತ ಕೇಳಿದೆ. "ಅಯ್ಯೋ, ಅದಕ್ಕೆ ಇನ್ನೂ ನಾಲ್ಕು ವರ್ಷ ಇದೆ ಬಿಡು" ಅಂತ ನಕ್ಕಳು.

ನಾನೂ ಹಾಗೇ ನಕ್ಕವಳೇ. ನಾವು ದುಬೈನಲ್ಲಿ ನಾಲ್ಕು ವರ್ಷ ಇದ್ದೆವು. ಮಗಳು ಒಂಬತ್ತಕ್ಕೆ, ಮಗ ಐದಕ್ಕೆ ಅಮೆರಿಕನ್ ಪದ್ಧತಿಯ ಶಾಲೆ ಸೇರಿದರು. ಈಗ ಮತ್ತೆ ಕ್ಯಾತ್ಸಂದ್ರದ ಮನೆಯಲ್ಲಿದ್ದೇವೆ. ತಂಗಿಗೆ ಫೋನಿನಲ್ಲಿ ಎರಡು ಗಂಟೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಕೋಲಾರ, ಚಿಂತಾಮಣಿ, ಗೌರಿಬಿದನೂರು ಕಡೆಯಿಂದ ಹೊರಟವರಿಗೂ ಇದೇ ಲೆಕ್ಕ.

ಮೊದಲು ಕಾಗದದ ಮೇಲೆ ವರ್ಷ ಬರೆಯಿರಿ

ಶಾಲೆಯ ಬ್ರೋಷರ್ ಬಿಡಿಸುವ ಮುಂಚೆ ಗಂಡ ಹೆಂಡತಿ ಕೂತು ಒಂದು ಕೆಲಸ ಮಾಡಿ. ಮಗುವಿನ ಹನ್ನೆರಡನೇ ಕ್ಲಾಸು ಯಾವ ವರ್ಷಕ್ಕೆ ಬೀಳುತ್ತದೆ ಅಂತ ಬರೆದುಕೊಳ್ಳಿ. ಅಲ್ಲಿಂದ ಹಿಂದಕ್ಕೆ ಎಣಿಸುತ್ತಾ ಬನ್ನಿ. ಊರಿಗೆ ವಾಪಸ್ ಬರುವುದು ಯಾವ ಕ್ಲಾಸಿನಲ್ಲಿ? ಡಿಗ್ರಿ ಎಲ್ಲಿ? ಖಚಿತ ಉತ್ತರ ಯಾರ ಹತ್ತಿರವೂ ಇರುವುದಿಲ್ಲ, ಗೊತ್ತು. ಆದರೂ ಅಂದಾಜು ಬೇಕು.

ಐದು, ಆರನೇ ಕ್ಲಾಸಿನೊಳಗೆ ವಾಪಸ್ ಬರುವ ಹಾಗಿದ್ದರೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಮನೆಗೆ ಹತ್ತಿರ ಇರುವ, ಮಗು ಖುಷಿಯಾಗಿ ಹೋಗುವ ಶಾಲೆ ಸಾಕು. ಡಿಗ್ರಿಗೆ ಅಮೆರಿಕವೋ ಕೆನಡಾವೋ ಅಂತಿದ್ದರೆ ಅಮೆರಿಕನ್ ಶಾಲೆ ನೇರ ದಾರಿ.

ಕಷ್ಟ ಇರುವುದು ಮೂರನೇ ಗುಂಪಿಗೆ. ಹೈಸ್ಕೂಲು ಅಲ್ಲಿ, ಎಂಜಿನಿಯರಿಂಗ್ ಅಥವಾ ಮೆಡಿಕಲ್ ಕರ್ನಾಟಕದಲ್ಲಿ ಅನ್ನುವವರಿಗೆ. ನಮ್ಮ ಸಿಇಟಿ ಸೀಟಿಗೆ ಮುಖ್ಯ ದಾರಿ ಏಳು ವರ್ಷದ ನಿಯಮ. ಒಂದನೇ ಕ್ಲಾಸಿನಿಂದ ಎರಡನೇ ಪಿಯುಸಿವರೆಗೆ ಏಳು ವರ್ಷ ಕರ್ನಾಟಕದಲ್ಲಿ ಓದಿರಬೇಕು. ಅಷ್ಟೇ ಸಾಲದು. ಹತ್ತನೇ ಕ್ಲಾಸು ಅಥವಾ ಹನ್ನೆರಡು, ಎರಡರಲ್ಲಿ ಒಂದನ್ನಾದರೂ ಇಲ್ಲೇ ಪಾಸ್ ಮಾಡಿರಬೇಕು. ನನ್ನ ಮಗಳು ಎಂಟು ವರ್ಷ ತುಮಕೂರಿನಲ್ಲಿ ಓದಿದ್ದಳು. "ನಮಗೇನು, ಏಳಕ್ಕಿಂತ ಒಂದು ಜಾಸ್ತಿನೇ ಇದೆ" ಅಂತ ನಾವು ನಿಶ್ಚಿಂತೆಯಿಂದ ಇದ್ದೆವು. ಎರಡನೇ ಸಾಲು ಓದಿಯೇ ಇರಲಿಲ್ಲ. ಕೊನೆಗೆ ಅವಳು ಖಾಸಗಿ ಕಾಲೇಜುಗಳ ಪ್ರವೇಶ ಪರೀಕ್ಷೆ ಕಾಮೆಡ್‌ಕೆ ಬರೆದು ಸೀಟು ತಗೊಂಡಳು. ಆ ಫೀಸಿನ ಮಾತು ಇಲ್ಲಿ ಬೇಡ. ಈ ನಿಯಮಕ್ಕೆ ಇನ್ನೂ ಕೆಲವು ಉಪದಾರಿಗಳಿವೆ. ಪರೀಕ್ಷಾ ಪ್ರಾಧಿಕಾರ ವರ್ಷವರ್ಷ ಬಿಡುವ ಮಾಹಿತಿ ಪುಸ್ತಕದಲ್ಲಿ ಎಲ್ಲಾ ಇರುತ್ತದೆ. ಹೊರಡುವ ಮುಂಚೆ ಒಮ್ಮೆ ಪೂರ್ತಿ ಓದಿ.

ಎನ್‌ಐಟಿ ಅನ್ನುವ ಕೇಂದ್ರ ಸರ್ಕಾರದ ಎಂಜಿನಿಯರಿಂಗ್ ಕಾಲೇಜುಗಳಿಗೆ ಹೊರದೇಶದಲ್ಲಿ ಓದಿದವರಿಗೆ ಅಂತಲೇ 'ದಾಸಾ' ಅನ್ನುವ ಯೋಜನೆ ಇದೆ. ಗಲ್ಫ್‌ನಲ್ಲಿ ದುಡಿಯುವವರ ಮಕ್ಕಳಿಗೆ ಅದರೊಳಗೆ ಬೇರೆ ವಿಭಾಗವೂ ಇದೆ. ಮೊದಲು ಅದಕ್ಕೆ ಎಸ್‌ಎಟಿ, ಅಂದರೆ ಅಮೆರಿಕದ ಕಾಲೇಜು ಪ್ರವೇಶ ಪರೀಕ್ಷೆಯ, ಸಬ್ಜೆಕ್ಟ್ ಪರೀಕ್ಷೆಗಳ ಅಂಕ ನೋಡುತ್ತಿದ್ದರು. 2021ರಲ್ಲಿ ಆ ಪರೀಕ್ಷೆಗಳೇ ನಿಂತವು. ಈಗ ಜೆಇಇ ಮೇನ್ ಬರೆಯಬೇಕು. ಅಮೆರಿಕನ್ ಶಾಲೆ ಜೆಇಇಗೆ ತಯಾರು ಮಾಡುವುದಿಲ್ಲ. ಅದು ಅವರ ತಪ್ಪೂ ಅಲ್ಲ.

ಡಾಕ್ಟರ್ ಆಗಬೇಕು, ಅದೂ ಕರ್ನಾಟಕದಲ್ಲೇ ಓದಬೇಕು ಅಂತ ಮಗು ಈಗಲೇ ಹಠ ಹಿಡಿದಿದ್ದರೆ ನನ್ನ ಸಲಹೆ ಸೀದಾ ಇದೆ: ದುಬೈನಲ್ಲಿ ಸಿಬಿಎಸ್‌ಇ ಶಾಲೆಗಳು ಬೇಕಾದಷ್ಟಿವೆ, ಅಲ್ಲಿಗೆ ಸೇರಿಸಿ. ಫೀಸೂ ಸಾಮಾನ್ಯವಾಗಿ ಕಡಿಮೆ.

ಅಮೆರಿಕನ್ ಬೋರ್ಡ್ ಅಂತ ಒಂದಿಲ್ಲ

ನಮಗೆ ಸಿಬಿಎಸ್‌ಇ, ಐಸಿಎಸ್‌ಇ, ಸ್ಟೇಟ್ ಅಂತ ಬೋರ್ಡ್‌ಗಳನ್ನು ನೋಡಿ ಅಭ್ಯಾಸ. ಅಮೆರಿಕದಲ್ಲಿ ಇಡೀ ದೇಶಕ್ಕೆ ಒಂದು ಬೋರ್ಡೂ ಇಲ್ಲ, ಒಂದು ಸಿಲೆಬಸ್ಸೂ ಇಲ್ಲ. ರಾಜ್ಯಕ್ಕೊಂದು ರೀತಿ. ಹತ್ತನೇ ಕ್ಲಾಸಿನಲ್ಲಿ ಬೋರ್ಡ್ ಪರೀಕ್ಷೆ ಇಲ್ಲ. ಹನ್ನೆರಡರ ಕೊನೆಗೆ ಹೈಸ್ಕೂಲ್ ಡಿಪ್ಲೊಮಾ ಕೊಡುವುದು ಆಯಾ ಶಾಲೆಯೇ. ಹಾಗಾಗಿ ಹೊರದೇಶದಲ್ಲಿ ಯಾರು ಬೇಕಾದರೂ 'ಅಮೆರಿಕನ್' ಅಂತ ಬೋರ್ಡು ತಗುಲಿಸಬಹುದು. ಆ ಡಿಪ್ಲೊಮಾಗೆ ಬೆಲೆ ಬರುವುದು ಮಾನ್ಯತೆಯಿಂದ, ಅಂದರೆ ಅಕ್ರೆಡಿಟೇಶನ್‌ನಿಂದ.

ಮಾನ್ಯತೆ ಕೊಡುವ ಸಂಸ್ಥೆಗಳ ಹೆಸರು ನೆನಪಿಡಿ. ವಾಸ್ಕ್, ನೀಸ್ಕ್, ಮಿಡಲ್ ಸ್ಟೇಟ್ಸ್, ಕಾಗ್ನಿಯಾ. ಇವು ಅಮೆರಿಕದವು. ಸಿಐಎಸ್ ಅನ್ನುವುದು ಅಂತಾರಾಷ್ಟ್ರೀಯ ಶಾಲೆಗಳ ಸಂಸ್ಥೆ. ಶಾಲೆಯವರು ಕೊಟ್ಟ ಬಣ್ಣದ ಪುಸ್ತಕದಲ್ಲಿ ಲೋಗೋ ಇದೆ ಅಂತ ಬಿಡಬೇಡಿ. ಆಯಾ ಸಂಸ್ಥೆಯ ವೆಬ್‌ಸೈಟಿನಲ್ಲಿ ಶಾಲೆಗಳ ಪಟ್ಟಿ ಇರುತ್ತದೆ. ಅಲ್ಲಿ ಹೆಸರು ಹುಡುಕಿ. 'ಕ್ಯಾಂಡಿಡೇಟ್' ಅಂತ ಬರೆದಿದ್ದರೆ ಅರ್ಜಿ ಹಾಕಿ ಕಾಯುತ್ತಿದ್ದಾರೆ ಅಂತ ಅರ್ಥ, ಮಾನ್ಯತೆ ಇನ್ನೂ ಸಿಕ್ಕಿಲ್ಲ. ಸಿಕ್ಕಿದ್ದರೂ ಅದಕ್ಕೆ ಅವಧಿ ಇರುತ್ತದೆ. ಯಾವ ವರ್ಷದವರೆಗೆ ಅಂತ ಕೇಳಿ. ಇನ್ನೊಂದು, ಹನ್ನೆರಡನೇ ಕ್ಲಾಸಿನವರೆಗೂ ಮಾನ್ಯತೆ ಇದೆಯಾ ಅಂತ ಕೇಳಿ. ಹೊಸ ಶಾಲೆಗಳು ಕೆಳಗಿನ ಕ್ಲಾಸುಗಳಿಂದ ಶುರುವಾಗಿ ವರ್ಷಕ್ಕೊಂದು ಕ್ಲಾಸು ಸೇರಿಸುತ್ತಾ ಹೋಗುತ್ತವೆ.

ಇದು ಯಾಕೆ ಮುಖ್ಯ ಅಂದರೆ, ಆ ಡಿಪ್ಲೊಮಾ ಹಿಡಿದು ಇಂಡಿಯಾದ ಕಾಲೇಜಿಗೆ ಬಂದಾಗ ಅದು ನಮ್ಮ ಹನ್ನೆರಡನೇ ಕ್ಲಾಸಿಗೆ ಸಮ ಅನ್ನುವ ಸಮಾನತಾ ಪತ್ರ ಕೇಳುತ್ತಾರೆ. ಮಾನ್ಯತೆ ಇಲ್ಲದ ಶಾಲೆಯ ಕಾಗದ ಅಲ್ಲಿ ನಿಲ್ಲುವುದಿಲ್ಲ.

ಹಳೆಯ ಶಾಲೆಗಳಿಗೆ ಈ ತಾಪತ್ರಯ ಕಡಿಮೆ. ಜಪಾನಿನ ಅಮೆರಿಕನ್ ಸ್ಕೂಲ್ 1902ರದು, ಸಿಂಗಾಪುರ ಅಮೆರಿಕನ್ ಸ್ಕೂಲ್ 1956ರದು, ಅಮೆರಿಕನ್ ಸ್ಕೂಲ್ ಆಫ್ ದುಬೈ 1966ರದು. ನಮ್ಮ ಪಕ್ಕದ ಕೊಡೈಕೆನಾಲ್‌ನಲ್ಲೇ ಅಮೆರಿಕದ ಮಿಷನರಿಗಳು ತಮ್ಮ ಮಕ್ಕಳಿಗಾಗಿ 1901ರಲ್ಲಿ ಶಾಲೆ ತೆರೆದಿದ್ದರು. ಆ ಕಾಲದಲ್ಲಿ ಅವರಿಗೂ ನಮ್ಮದೇ ಚಿಂತೆ ಇತ್ತು ನೋಡಿ: ಪರದೇಶದಲ್ಲಿ ಓದಿದ ಮಗು ನಾಳೆ ಊರಿಗೆ ಹೋದರೆ ಅಲ್ಲಿಯ ಕಾಲೇಜು ಸೇರಿಸಿಕೊಳ್ಳಬೇಕು. ಇಂಥ ಹೆಸರಾಂತ ಶಾಲೆಗಳಲ್ಲಿ ಸೀಟು ಸಿಗುವುದು ಮತ್ತು ಫೀಸು ಕಟ್ಟುವುದು ಬೇರೆ ಮಾತು.

ತಪಾಸಣೆ ವರದಿ ಓದುವುದು

ದುಬೈನಲ್ಲಿ ಕೆಎಚ್‌ಡಿಎ ಅನ್ನುವ ಸರ್ಕಾರಿ ಸಂಸ್ಥೆ ಖಾಸಗಿ ಶಾಲೆಗಳನ್ನು ನೋಡಿಕೊಳ್ಳುತ್ತದೆ. ಅಬುಧಾಬಿಯಲ್ಲಿ ಅಡೆಕ್. ಕೆಎಚ್‌ಡಿಎ ವರದಿಗಳಲ್ಲಿ ಔಟ್‌ಸ್ಟ್ಯಾಂಡಿಂಗ್‌ನಿಂದ ವೆರಿ ವೀಕ್‌ವರೆಗೆ ಆರು ದರ್ಜೆ. ಎಲ್ಲರೂ ಆ ಒಂದು ಪದ ನೋಡಿ ವರದಿ ಮುಚ್ಚಿಬಿಡುತ್ತಾರೆ. ನೀವು ಮೊದಲ ಪುಟಗಳ ಸಣ್ಣ ಪಟ್ಟಿ ನೋಡಿ. ಟೀಚರ್‌ಗಳು ಎಷ್ಟು ಮಂದಿ, ಹೆಚ್ಚಿನವರು ಯಾವ ದೇಶದವರು, ಕೌನ್ಸೆಲರ್ ಎಷ್ಟು ಜನ, ವರ್ಷಕ್ಕೆ ನೂರಕ್ಕೆ ಎಷ್ಟು ಟೀಚರ್‌ಗಳು ಬಿಟ್ಟು ಹೋಗುತ್ತಾರೆ, ಎಲ್ಲಾ ಅಲ್ಲೇ ಇರುತ್ತದೆ. ನನ್ನ ಪ್ರಕಾರ ಆ ಕೊನೆಯ ಅಂಕಿಯೇ ಶಾಲೆಯ ನಾಡಿ. ಮಗನಿಗೆ ಒಂದೇ ವರ್ಷದಲ್ಲಿ ಮೂರು ಜನ ಸೈನ್ಸ್ ಟೀಚರ್ ಬಂದು ಹೋದರು. ಮೂವರೂ ಸೆಲ್ ಪಾಠದಿಂದಲೇ ಶುರು ಮಾಡಿದರು.

ಬೇರೆ ದೇಶಕ್ಕೆ ಹೊರಟವರು ಅಮೆರಿಕದ ವಿದೇಶಾಂಗ ಇಲಾಖೆಯ ಹೊರದೇಶ ಶಾಲೆಗಳ ಕಚೇರಿಯ ಪಟ್ಟಿ ನೋಡಬಹುದು. ತಾನು ನೆರವು ಕೊಡುವ ಶಾಲೆಗಳ ಬಗ್ಗೆ ಅದು ಚಿಕ್ಕ ಮಾಹಿತಿ ಹಾಳೆಗಳನ್ನು ಪ್ರಕಟಿಸುತ್ತದೆ.

ಗಣಿತದ ಮೆಟ್ಟಿಲು

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ನಾವು ಕೈ ಸುಟ್ಟುಕೊಂಡ ಜಾಗ ಇದು.

ನಮ್ಮಲ್ಲಿ ಒಂದೇ ಗಣಿತ ಪುಸ್ತಕದಲ್ಲಿ ಬೀಜಗಣಿತ, ರೇಖಾಗಣಿತ, ತ್ರಿಕೋನಮಿತಿ ಎಲ್ಲಾ ಸ್ವಲ್ಪ ಸ್ವಲ್ಪ ಇರುತ್ತದೆ. ಅಮೆರಿಕನ್ ಹೈಸ್ಕೂಲಿನಲ್ಲಿ ಸಾಮಾನ್ಯವಾಗಿ ಹಾಗಲ್ಲ. ಒಂದು ವರ್ಷ ಪೂರ್ತಿ ಆಲ್ಜಿಬ್ರಾ ಒಂದು. ಮುಂದಿನ ವರ್ಷ ಪೂರ್ತಿ ಜಾಮಿಟ್ರಿ. ಆಮೇಲೆ ಆಲ್ಜಿಬ್ರಾ ಎರಡು, ಆಮೇಲೆ ಪ್ರೀಕ್ಯಾಲ್ಕುಲಸ್, ಆಮೇಲೆ ಕ್ಯಾಲ್ಕುಲಸ್. ಒಂದು ಮೆಟ್ಟಿಲು ಹತ್ತದೆ ಮುಂದಿನದಕ್ಕೆ ಬಿಡುವುದಿಲ್ಲ. ಈಗ ಎಣಿಸಿ. ಒಂಬತ್ತರಲ್ಲಿ ಆಲ್ಜಿಬ್ರಾ ಒಂದರಿಂದ ಶುರು ಮಾಡಿದ ಮಗು ಹನ್ನೆರಡರಲ್ಲಿ ಪ್ರೀಕ್ಯಾಲ್ಕುಲಸ್‌ಗೆ ನಿಲ್ಲುತ್ತದೆ. ಕ್ಯಾಲ್ಕುಲಸ್ ಮುಖವನ್ನೇ ನೋಡುವುದಿಲ್ಲ. ನಮ್ಮ ಎರಡನೇ ಪಿಯುಸಿಯಲ್ಲಿ ಅರ್ಧ ಪುಸ್ತಕ ಅದೇ ಅಲ್ವಾ?

ಮಗಳನ್ನು ಒಂಬತ್ತಕ್ಕೆ ಸೇರಿಸಿದಾಗ ಶಾಲೆಯವರು ಆಲ್ಜಿಬ್ರಾ ಒಂದಕ್ಕೆ ಕೂರಿಸಿದರು. ಅವಳಿಗೆ ಎಲ್ಲಾ ಬರುತ್ತಿತ್ತು, ಎಲ್ಲದಕ್ಕೂ ಎ ಗ್ರೇಡ್. ನಾವು ಸ್ವೀಟು ಹಂಚಿದೆವು. ಮಾರನೇ ವರ್ಷ ಬಸ್ ಸ್ಟಾಪಿನಲ್ಲಿ ಒಬ್ಬ ಕೇರಳದ ಅಮ್ಮ ಕೇಳಿದರು, ನಿಮ್ಮ ಮಗಳು ಯಾವ ಮ್ಯಾಥ್ಸ್‌ನಲ್ಲಿ ಇದ್ದಾಳೆ ಅಂತ. ಜಾಮಿಟ್ರಿ ಅಂದೆ. "ಎಂಜಿನಿಯರಿಂಗ್ ಅಂದಿದ್ರಿ?" ಅಂದರು. ಆಗ ಎಚ್ಚರ ಆಯಿತು. ಆ ವರ್ಷ ಜಾಮಿಟ್ರಿ, ಆಲ್ಜಿಬ್ರಾ ಎರಡು, ಎರಡನ್ನೂ ಒಟ್ಟಿಗೆ ತಗೊಂಡಳು. ಸಂಗೀತದ ಕ್ಲಾಸು ಬಿಡಬೇಕಾಯಿತು. ಅದಕ್ಕೆ ಇವತ್ತಿಗೂ ನನ್ನ ಮೇಲೆ ಸಿಟ್ಟಿದೆ.

ಏಳು, ಎಂಟನೇ ಕ್ಲಾಸಿನ ಮಗುವನ್ನು ಕರೆದೊಯ್ಯುವವರು ಅಡ್ಮಿಶನ್ ದಿನವೇ ಕೇಳಿ: ಎಂಟರಲ್ಲೇ ಆಲ್ಜಿಬ್ರಾ ಒಂದು ಮಾಡಲು ಬಿಡುತ್ತೀರಾ? ಅದಕ್ಕೆ ಪ್ಲೇಸ್‌ಮೆಂಟ್ ಪರೀಕ್ಷೆ ಯಾವಾಗ? ಮಧ್ಯದಲ್ಲಿ ಮೇಲಿನ ಮೆಟ್ಟಿಲಿಗೆ ಹಾರಲು ದಾರಿ ಇದೆಯಾ?

ವಿಜ್ಞಾನದಲ್ಲೂ ಇಂಥದ್ದೇ ಕಥೆ. ಅನೇಕ ಶಾಲೆಗಳಲ್ಲಿ ಒಂಬತ್ತರಲ್ಲಿ ಬಯಾಲಜಿ, ಹತ್ತರಲ್ಲಿ ಕೆಮಿಸ್ಟ್ರಿ, ಹನ್ನೊಂದರಲ್ಲಿ ಫಿಸಿಕ್ಸ್. ಸುಮ್ನೆ ಹರಿವಿನ ಜೊತೆ ಹೋದರೆ ಕೊನೆಯ ಎರಡು ವರ್ಷ ಮೂರೂ ಒಟ್ಟಿಗೆ ಸಿಗುವುದಿಲ್ಲ. ನೀಟ್‌ಗಂತೂ ಹನ್ನೆರಡನೇ ಹಂತದಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ, ಇಂಗ್ಲಿಷ್ ನಾಲ್ಕೂ ಬೇಕು. ಆ ಕೊರತೆಯನ್ನು ಎಪಿ ತುಂಬುತ್ತದೆ. ಎಪಿ ಅಂದರೆ ಅಮೆರಿಕದ ಕಾಲೇಜ್ ಬೋರ್ಡ್ ನಡೆಸುವ, ಡಿಗ್ರಿ ಮೊದಲ ವರ್ಷದ ಮಟ್ಟದ ಕೋರ್ಸುಗಳು. ಸುಮಾರು 40 ವಿಷಯಗಳಿವೆ. ಪರೀಕ್ಷೆ ಮೇ ತಿಂಗಳಲ್ಲಿ, ಅಂಕ 1ರಿಂದ 5. ಬ್ರಿಟನ್‌ನ ಯೂನಿವರ್ಸಿಟಿಗಳೂ ಬರೀ ಡಿಪ್ಲೊಮಾ ಸಾಲದು, ಎಪಿ ತನ್ನಿ ಅನ್ನುತ್ತವೆ. ಹಾಗಾಗಿ 'ನಮ್ಮಲ್ಲಿ ಎಪಿ ಇದೆ' ಅಂದರೆ ಒಪ್ಪಬೇಡಿ. ಯಾವ ಯಾವ ವಿಷಯ, ಈ ವರ್ಷ ನಿಜವಾಗಿ ಕ್ಲಾಸು ನಡೆಯುತ್ತಿರುವುದು ಎಷ್ಟು, ಕೆಮಿಸ್ಟ್ರಿಗೆ ಎಷ್ಟು ಮಕ್ಕಳು ಕೂತಿದ್ದಾರೆ ಅಂತ ಕೇಳಿ. ಕೆಲವು ಅಮೆರಿಕನ್ ಶಾಲೆಗಳಲ್ಲಿ ಎಪಿ ಬದಲು ಐಬಿ ಇರುತ್ತದೆ. ಅದು ಬೇರೆ ಪದ್ಧತಿ, ಆರು ವಿಷಯ, ಒಟ್ಟು 45 ಅಂಕ. ಬರವಣಿಗೆ ಜಾಸ್ತಿ.

ಶಾಲೆಗೆ ಹೋದ ದಿನ ಏನು ಕೇಳಬೇಕು

ಈಜುಕೊಳ ತೋರಿಸುತ್ತಾರೆ, ನೋಡಿ. ಆಮೇಲೆ ಸ್ಕೂಲ್ ಪ್ರೊಫೈಲ್ ಕೊಡಿ ಅನ್ನಿ. ಇದು ಎರಡು ಪುಟದ ಕಾಗದ. ಹನ್ನೆರಡನೇ ಕ್ಲಾಸಿನ ಮಕ್ಕಳ ಅಂಕಪಟ್ಟಿಯ ಜೊತೆ ಯೂನಿವರ್ಸಿಟಿಗಳಿಗೆ ಕಳಿಸುವಂಥದ್ದು. ಜಿಪಿಎ, ಅಂದರೆ ಗ್ರೇಡುಗಳ ಸರಾಸರಿ ಹೇಗೆ ಲೆಕ್ಕ ಹಾಕುತ್ತಾರೆ, ಎಷ್ಟು ಎಪಿ, ಸರಾಸರಿ ಎಸ್‌ಎಟಿ ಎಷ್ಟು, ಹೋದ ವರ್ಷದ ಮಕ್ಕಳು ಎಲ್ಲೆಲ್ಲಿ ಸೇರಿದರು ಅಂತ ಅದರಲ್ಲಿ ಇರುತ್ತದೆ. ಬ್ರೋಷರ್ ನಮಗಾಗಿ ಬರೆದದ್ದು, ಪ್ರೊಫೈಲ್ ಯೂನಿವರ್ಸಿಟಿಗಾಗಿ ಬರೆದದ್ದು. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದರೆ ಮಜಾ ಇರುತ್ತದೆ. ಪ್ರೊಫೈಲ್ ಕೊಡಲು ಹಿಂದೆ ಮುಂದೆ ನೋಡುವ ಶಾಲೆಯನ್ನು ನಾನಾದರೆ ಪಟ್ಟಿಯಿಂದ ತೆಗೆಯುತ್ತೇನೆ.

ಕೌನ್ಸೆಲರ್ ಅನ್ನುವವರನ್ನು ನಾವು ಹಗುರವಾಗಿ ನೋಡುತ್ತೇವೆ. ಅಮೆರಿಕನ್ ಪದ್ಧತಿಯಲ್ಲಿ ಮಗು ಯಾವ ಕೋರ್ಸ್ ತಗೊಳ್ಳಬೇಕು ಅನ್ನುವುದರಿಂದ ಹಿಡಿದು ಕಾಲೇಜಿನ ಶಿಫಾರಸು ಪತ್ರದವರೆಗೆ ಅವರ ಕೈಯಲ್ಲೇ ಇರುತ್ತದೆ. ಒಬ್ಬರಿಗೆ 250 ಮಕ್ಕಳು ಮೀರಬಾರದು ಅಂತ ಅಮೆರಿಕದ ಶಾಲಾ ಕೌನ್ಸೆಲರ್‌ಗಳ ಸಂಘವೇ ಹೇಳುತ್ತದೆ. ಒಂಬತ್ತರಿಂದ ಹನ್ನೆರಡರವರೆಗಿನ ಪ್ರತಿ ಗ್ರೇಡೂ ಅಂಕಪಟ್ಟಿಗೆ ಸೇರುತ್ತದೆ ಅನ್ನುವುದನ್ನೂ ಮರೆಯಬೇಡಿ. ಕೊನೆಯ ಪರೀಕ್ಷೆಗೆ ಮೂರು ತಿಂಗಳು ಹಗಲು ರಾತ್ರಿ ಓದಿ ದಡ ಮುಟ್ಟುವ ನಮ್ಮ ಉಪಾಯ ಅಲ್ಲಿ ನಡೆಯುವುದಿಲ್ಲ.

ಫೀಸಿನ ವಿಷಯ ಬೇಗ ಮುಗಿಸುತ್ತೇನೆ. ಟ್ಯೂಶನ್ ಫೀಸು ಮಾತ್ರ ಕೂಡಬೇಡಿ. ಅರ್ಜಿ ಫೀಸು, ಪ್ರವೇಶ ಪರೀಕ್ಷೆ, ಬಸ್ಸು, ಯೂನಿಫಾರ್ಮು, ಲ್ಯಾಪ್‌ಟಾಪು, ಕೆಲವು ಕಡೆ ಕಟ್ಟಡದ ನಿಧಿ. ಎಪಿ ಪರೀಕ್ಷೆ ಒಂದಕ್ಕೇ ನೂರು ಡಾಲರಿಗಿಂತ ಜಾಸ್ತಿ. ಕಂಪನಿ ಫೀಸು ಕೊಡುತ್ತದೆ ಅಂದರೆ ಎಷ್ಟು ಮಕ್ಕಳಿಗೆ, ಎಷ್ಟರವರೆಗೆ, ಕೆಲಸ ಮಧ್ಯದಲ್ಲಿ ಹೋದರೆ ಏನು ಅಂತ ಆಫರ್ ಲೆಟರಿನಲ್ಲೇ ಬರೆಸಿಕೊಳ್ಳಿ.

ಪ್ರವೇಶ ಪರೀಕ್ಷೆ ಮತ್ತು ನಾಮದ ಚಿಲುಮೆ

ಬಹಳ ಕಡೆ ಮ್ಯಾಪ್ ಅನ್ನುವ ಕಂಪ್ಯೂಟರ್ ಪರೀಕ್ಷೆ ಇರುತ್ತದೆ. ಸರಿ ಉತ್ತರ ಕೊಟ್ಟಷ್ಟೂ ಮುಂದಿನ ಪ್ರಶ್ನೆ ಕಷ್ಟ ಆಗುತ್ತಾ ಹೋಗುತ್ತದೆ. ಕೊನೆಕೊನೆಗೆ ಏನೂ ಬರುವುದಿಲ್ಲ. ಮಕ್ಕಳು ಅಳುತ್ತಾ ಹೊರಗೆ ಬರುತ್ತಾರೆ. ಅದು ಹಾಗೇ ಇರುವುದು ಅಂತ ಮೊದಲೇ ಹೇಳಿ ಕಳಿಸಿ.

ನಮ್ಮ ಮಕ್ಕಳು ಗಣಿತದಲ್ಲಿ ಗೆದ್ದು ಬರವಣಿಗೆಯಲ್ಲಿ ಸೋಲುತ್ತಾರೆ. ಮಗನಿಗೆ 'ನಿನಗೆ ಇಷ್ಟವಾದ ಜಾಗ' ಅಂತ ಬರೆಯಲು ಕೊಟ್ಟರು. ಇಂಗ್ಲಿಷಿನಲ್ಲಿ ತಪ್ಪಿಲ್ಲದೆ ಬರೆದಿದ್ದ. ನಾಮದ ಚಿಲುಮೆ ತುಮಕೂರಿನ ಹತ್ತಿರ ಇದೆ, ಅದು ಪ್ರಸಿದ್ಧ ಪ್ರವಾಸಿ ತಾಣ, ರಾಮ ಬಾಣ ಬಿಟ್ಟಾಗ ನೀರು ಚಿಮ್ಮಿತು, ಎಲ್ಲರೂ ಒಮ್ಮೆ ನೋಡಲೇಬೇಕು. ಟೀಚರ್ ಆ ಹಾಳೆ ನನಗೆ ತೋರಿಸಿ, ಇದರಲ್ಲಿ ನಿಮ್ಮ ಮಗ ಎಲ್ಲಿದ್ದಾನೆ ಅಂತ ಕೇಳಿದರು. ನಾನು ಬೆಪ್ಪಾದೆ. ಅದೇ ಚಿಲುಮೆ ಹತ್ತಿರ ಮಂಗ ಬಂದು ಇವನ ಕೈಯಲ್ಲಿದ್ದ ಚಿತ್ರಾನ್ನದ ಡಬ್ಬಿ ಕಿತ್ತುಕೊಂಡು ಓಡಿತ್ತು. ಅದನ್ನು ಬರೆದಿದ್ದರೆ ಸಾಕಿತ್ತು. ಇಲ್ಲಿ ಶಾಲೆ ಏಪ್ರಿಲ್‌ಗೆ ಮುಗಿದು ಅಲ್ಲಿ ಆಗಸ್ಟ್ ಕೊನೆಗೆ ಶುರುವಾಗುತ್ತದೆ. ಮಧ್ಯದ ನಾಲ್ಕು ತಿಂಗಳಲ್ಲಿ ದಿನಕ್ಕೆ ಅರ್ಧ ಪುಟ ಇಂಥದ್ದು ಬರೆಸಿ.

ಕನ್ನಡದ ವಿಷಯ ಒಂದೆರಡು ಮಾತು. ಯುಎಇಯಲ್ಲಿ ಅರೇಬಿಕ್ ಕಲಿಯಲೇಬೇಕು. ಕನ್ನಡ ಶಾಲೆಯಲ್ಲಿ ಸಿಗುವುದಿಲ್ಲ. ವಾಪಸ್ ಬಂದರೆ 2015ರ ಕನ್ನಡ ಕಲಿಕಾ ಕಾಯ್ದೆ ಇದೆ, ಇಲ್ಲಿಯ ಸಿಬಿಎಸ್‌ಇ ಶಾಲೆಗಳಲ್ಲೂ ಕನ್ನಡ ಓದಬೇಕು. ದುಬೈನಲ್ಲಿ ಕನ್ನಡ ಮಿತ್ರರು ಅನ್ನುವ ಸಂಘದವರು ಕನ್ನಡ ಪಾಠಶಾಲೆ ನಡೆಸುತ್ತಾರೆ. ವಾರದ ರಜೆಯ ದಿನ ಒಂದು ಗಂಟೆ ಕಳಿಸಿ. ಅಜ್ಜಿಗೆ ವಾರಕ್ಕೊಂದು ಪತ್ರ ಬರೆಸಿ ಫೋಟೋ ತೆಗೆದು ಕಳಿಸಿದರೂ ನಡೆಯುತ್ತದೆ. ಎಂಟು ಮುಗಿಸಿ ಬಂದ ನನ್ನ ಮಗ ಒತ್ತಕ್ಷರ ಮರೆಯದೆ ಇದ್ದದ್ದು ಆ ಪತ್ರಗಳಿಂದಲೇ.

ಹೊರಡುವ ಮುಂಚೆ ಕಾಗದ ಪತ್ರ

ಟಿಸಿಗೆ ಬಿಇಒ, ಡಿಡಿಪಿಐ ಸಹಿ, ಆಮೇಲೆ ರಾಜ್ಯದ ದೃಢೀಕರಣ, ವಿದೇಶಾಂಗ ಸಚಿವಾಲಯದ ಮುದ್ರೆ, ಕೊನೆಗೆ ಆ ದೇಶದ ರಾಯಭಾರ ಕಚೇರಿ. ಇದು ದೇಶದಿಂದ ದೇಶಕ್ಕೆ ಬದಲಾಗುತ್ತದೆ, ಶಾಲೆಯಿಂದಲೇ ಪಟ್ಟಿ ತರಿಸಿಕೊಳ್ಳಿ. ತುಮಕೂರು ಜಿಲ್ಲೆಯವರು ಒಂದು ನೆನಪಿಡಿ. ನಮ್ಮಲ್ಲಿ ಎರಡು ಶೈಕ್ಷಣಿಕ ಜಿಲ್ಲೆಗಳು. ಶಿರಾ, ಪಾವಗಡ, ಕೊರಟಗೆರೆ, ಮಧುಗಿರಿಯಲ್ಲಿ ಓದಿದ ಮಗುವಿನ ಟಿಸಿಗೆ ಮಧುಗಿರಿ ಡಿಡಿಪಿಐ ಸಹಿ ಬೇಕು. ತುಮಕೂರಿಗೆ ಬಂದು ಕ್ಯೂ ನಿಂತು ಪ್ರಯೋಜನ ಇಲ್ಲ.

ಲಸಿಕೆಗಳ ವಿವರ ಇರುವ ತಾಯಿ ಕಾರ್ಡ್ ಹುಡುಕಿ ಇಟ್ಟುಕೊಳ್ಳಿ. ಅಮೆರಿಕನ್ ಶಾಲೆಗಳು ಎಂಎಂಆರ್ ಆಗಿದೆಯಾ ಅಂತ ಕೇಳುತ್ತವೆ. ನಮ್ಮ ಸರ್ಕಾರಿ ಆಸ್ಪತ್ರೆಯಲ್ಲಿ ಹಾಕುವುದು ಎಂಆರ್, ಅಂದರೆ ದಡಾರ ಮತ್ತು ರುಬೆಲ್ಲಾಗೆ ಮಾತ್ರ. ಮಂಗನಬಾವಿನ ಲಸಿಕೆ ಅದರಲ್ಲಿಲ್ಲ. ಚಿಕನ್‌ಪಾಕ್ಸ್ ಲಸಿಕೆಯೂ ಸರ್ಕಾರಿ ಪಟ್ಟಿಯಲ್ಲಿಲ್ಲ. ಮಕ್ಕಳ ಡಾಕ್ಟರ ಹತ್ತಿರ ಹೋಗಿ ಬಾಕಿ ಏನಿದೆ ನೋಡಿಸಿ. ಎರಡು ಡೋಸಿನ ನಡುವೆ ಅಂತರ ಬೇಕಾಗುತ್ತದೆ, ಕೊನೆಯ ವಾರಕ್ಕೆ ಇಟ್ಟುಕೊಳ್ಳಬೇಡಿ.

ಹೆಸರಿನ ಗೋಳು ಬೇರೆ. ಶಾಲೆಯ ದಾಖಲೆಯಲ್ಲಿ ಹೆಸರಿನ ಮುಂದೆ ಇನಿಶಿಯಲ್, ಪಾಸ್‌ಪೋರ್ಟಿನಲ್ಲಿ ಅದು ಬಿಡಿಸಿಕೊಂಡು ಊರಿನ ಹೆಸರು, ಅಪ್ಪನ ಹೆಸರು. ಊರಿನ ಹೆಸರೂ 2014ರ ನವೆಂಬರ್‌ನಲ್ಲಿ ತುಮ್ಕೂರ್ ಹೋಗಿ ತುಮಕೂರು ಆಯಿತು. ಮಗಳ ಜನನ ಪ್ರಮಾಣಪತ್ರದಲ್ಲಿ ಹಳೆಯದು, ಟಿಸಿಯಲ್ಲಿ ಹೊಸದು. ಇವು ಎರಡು ಬೇರೆ ಊರಾ ಅಂತ ಅಡ್ಮಿಶನ್ ಕೌಂಟರಿನ ಹುಡುಗಿ ಕೇಳಿದಳು. ಅಲ್ಲ ಅಂತ ಬರೆದು ಸಹಿ ಹಾಕಿ ಕೊಟ್ಟೆ. ಅಡ್ಮಿಶನ್ ಫಾರ್ಮಿನಲ್ಲಿ ಪಾಸ್‌ಪೋರ್ಟಿನಲ್ಲಿ ಇರುವ ಹಾಗೇ ಅಕ್ಷರಕ್ಕೆ ಅಕ್ಷರ ಬರೆಯಿರಿ. ಅದೇ ಮುಂದೆ ಅಂಕಪಟ್ಟಿಗೆ, ಎಪಿಗೆ, ಎಸ್‌ಎಟಿಗೆ, ಡಿಪ್ಲೊಮಾಗೆ ಹೋಗುತ್ತದೆ. ತಂಗಿ ಮೊನ್ನೆ ಮತ್ತೆ ಫೋನ್ ಮಾಡಿದ್ದಳು. ದೊಡ್ಡವನ ಆಧಾರ್‌ನಲ್ಲಿ ಒಂದು ಹೆಸರು, ಟಿಸಿಯಲ್ಲಿ ಇನ್ನೊಂದು. ಪಾಸ್‌ಪೋರ್ಟ್ ಇನ್ನೂ ಮಾಡಿಸಿಲ್ಲ. ಶಾಲೆ ಆಮೇಲೆ ನೋಡೋಣ, ಮೊದಲು ಅದನ್ನು ಸರಿ ಮಾಡಿಸು ಅಂದೆ.